ಒಳಗೆ ನೋಡುವವರು ಯಾರು?

ಕಳೆದ ವರ್ಷ ಕೊಟ್ಟೂರಿನ ಒಂದು ಪಿಯು ಕಾಲೇಜಿನಲ್ಲಿ ವೃತ್ತಿ ಮಾರ್ಗದರ್ಶನದ ಕಾರ್ಯಕ್ರಮವಿತ್ತು. ಕನ್ನಡ ಓದಿದರೆ ಏನೇನು ಕೆಲಸ ಸಿಗುತ್ತದೆ ಎಂದು ಮಾತಾಡಲು ನನ್ನನ್ನು ಕರೆದಿದ್ದರು. ಇಪ್ಪತ್ತೆಂಟು ತುಂಬಿದರೂ ಪಿಎಚ್‌ಡಿ ಮುಗಿಸದೆ ಕೂತವಳಿಗೆ ಈ ವಿಷಯ ಕೊಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು. ನನಗಿಂತ ಮುಂಚೆ ಮಾತಾಡಿದವರು ಬೆಂಗಳೂರಿನ ಒಂದು ಡಿಸೈನ್ ಸಂಸ್ಥೆಯ ಪ್ರತಿನಿಧಿ. ಗೋಡೆಯ ಮೇಲೆ ಚಿತ್ರಗಳು ಬಂದವು: ಇಟಾಲಿಯನ್ ಮಾರ್ಬಲ್ಲು, ಗೋಡೆಯಿಂದ ಗೋಡೆಗೆ ಸೋಫಾ, ಮೂರು ಅಂತಸ್ತಿನ ಫಾಲ್ಸ್ ಸೀಲಿಂಗು, ಅದರ ಅಂಚಿನಲ್ಲಿ ನೀಲಿ ದೀಪ. ಒಳಾಂಗಣ ವಿನ್ಯಾಸಕ್ಕೆ ಮುಂದೆ ಬಹಳ ಬೇಡಿಕೆ ಇದೆ, ಗಣಿತ ಬೇಡ, ವಿಜ್ಞಾನ ಬೇಡ, ಕ್ರಿಯೇಟಿವ್ ಆಗಿದ್ದರೆ ಸಾಕು, ಹೆಣ್ಣುಮಕ್ಕಳಿಗಂತೂ ಹೇಳಿ ಮಾಡಿಸಿದ ಕೋರ್ಸು ಎಂದರು. ಶುಲ್ಕದ ಹಾಳೆಯನ್ನು ಮಾತ್ರ ಪರದೆಯ ಮೇಲೆ ತೋರಿಸಲಿಲ್ಲ, ಕೈಗೆ ಕೊಟ್ಟರು.

ಪ್ರಶ್ನೆಗಳಿದ್ದರೆ ಕೇಳಿ ಅಂದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. "ಸರ್, ನಮ್ದು ಒಂದಾ ರೂಮಿನ ಮನಿ. ಒಳಗ ಐದು ಮಂದಿ ಅದೀವಿ. ನೀವು ಹೇಳಿದ್ದು ನಮ್ಮನಿಗೆ ಬರ್ತೈತೇನ್ರೀ?"

ಸಭೆ ನಕ್ಕಿತು. ಪ್ರತಿನಿಧಿಯೂ ನಕ್ಕು, "ಮೊದಲು ಕೋರ್ಸ್ ಸೇರಮ್ಮ, ದೊಡ್ಡ ದೊಡ್ಡ ಮನೆಗಳ ಪ್ರಾಜೆಕ್ಟ್ ಸಿಗುತ್ತೆ, ಆಮೇಲೆ ನಿಮ್ಮನೆಯನ್ನೇ ದೊಡ್ಡದು ಮಾಡಿಕೊಳ್ಳಬಹುದು" ಅಂದರು. ಹುಡುಗಿ ಕೂತಳು. ಆಮೇಲೆ ನಾನು ಎದ್ದು ಕನ್ನಡ ಎಂ.ಎ. ಮಾಡಿದರೆ ಪತ್ರಿಕೋದ್ಯಮವಿದೆ, ಅನುವಾದವಿದೆ ಎಂದು ಒಪ್ಪಿಸಿ ಬಂದೆ. ಅವಳ ಪ್ರಶ್ನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವತ್ತು ಆಡದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಅವಳು ಕೇಳಿದ್ದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಒಳಾಂಗಣ ವಿನ್ಯಾಸ ಎಂಬ ವಿದ್ಯೆ ಶುರುವಾಗುವುದೇ ಆ ಪ್ರಶ್ನೆಯಿಂದ. ಒಂದು ಕೋಣೆ, ಐದು ಜನ. ಯಾರು ಎಲ್ಲಿ ಮಲಗುತ್ತಾರೆ? ಓದುವವಳಿಗೆ ಬೆಳಕು ಎಲ್ಲಿಂದ? ಬಟ್ಟೆ ಬದಲಿಸಲು ಮರೆ ಎಲ್ಲಿ? ಮೆಕ್ಕೆಜೋಳದ ಚೀಲ ಎಲ್ಲಿಡಬೇಕು, ದೇವರು ಎಲ್ಲಿ, ಹೊಲಿಗೆ ಯಂತ್ರ ಎಲ್ಲಿ? ದೊಡ್ಡ ಮನೆಯಲ್ಲಿ ವಿನ್ಯಾಸ ತಪ್ಪಿದರೆ ಆ ಕೋಣೆ ಬಿಟ್ಟು ಇನ್ನೊಂದು ಕೋಣೆಗೆ ಹೋಗಿ ಕೂರಬಹುದು. ಒಂದೇ ಕೋಣೆಯ ಮನೆಯಲ್ಲಿ ತಪ್ಪಿದರೆ ಒಬ್ಬರ ನಿದ್ದೆಯೋ ಒಬ್ಬರ ಓದೋ ಹೋಗುತ್ತದೆ. ಕುಡಿಯುವ ನೀರಿನ ಕೊಡ ಬಾಗಿಲ ಬಳಿ ಇದೆಯೋ ಒಳಗಿದೆಯೋ ಅನ್ನುವುದರ ಮೇಲೆ ಆ ಮನೆಯ ಹೆಣ್ಣುಮಗಳು ದಿನಕ್ಕೆ ಎಷ್ಟು ಸಲ ಬಗ್ಗಿ ಏಳಬೇಕು ಅನ್ನುವುದು ನಿರ್ಧಾರವಾಗುತ್ತದೆ.

ಸರ್ಕಾರಿ ಲೆಕ್ಕವನ್ನೇ ತೆಗೆದುಕೊಳ್ಳಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರು, ಅಡುಗೆಯ ಜಾಗವೂ ಸೇರಿ. ಅಡಿಯ ಲೆಕ್ಕದಲ್ಲಿ 269 ಚದರಡಿ. ಬಯಲು ಪ್ರದೇಶದ ಮನೆಗೆ ಯೋಜನೆ ಗೊತ್ತುಮಾಡಿದ ನೆರವು 1.20 ಲಕ್ಷ ರೂಪಾಯಿ. ಕಂತು ಬಿಡುಗಡೆಯಾಗಬೇಕಾದರೆ ಮನೆ ಯಾವ ಹಂತಕ್ಕೆ ಬಂದಿದೆ ಎಂದು ಮೊಬೈಲಿನಲ್ಲಿ ಫೋಟೊ ಹೊಡೆದು, ಜಾಗದ ಗುರುತಿನ ಸಮೇತ ಏರಿಸಬೇಕು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಇಂಥ ಫೋಟೊ ಹೊಡೆಯುವುದನ್ನು ನಾನು ನಿಂತು ನೋಡಿದ್ದೇನೆ. ಫಲಾನುಭವಿ ಬಾಗಿಲ ಮುಂದೆ ಕೈಕಟ್ಟಿ ನಿಲ್ಲುತ್ತಾರೆ, ಫೋಟೊ ಬೀಳುತ್ತದೆ. ಒಳಗಿನ ಫೋಟೊ ಯಾರಿಗೂ ಬೇಡ. ತಾರಸಿ ಬಿದ್ದು ಗೋಡೆಗೆ ಸುಣ್ಣವಾದರೆ ಸರ್ಕಾರದ ಮಟ್ಟಿಗೆ ಮನೆ ಮುಗಿಯಿತು. ವಾಸಿಸುವವರ ಮಟ್ಟಿಗೆ ಅದು ಅವತ್ತು ಶುರುವಾಗುತ್ತದೆ, ಮತ್ತು ಅವತ್ತಿನಿಂದ ಅವರ ಜೊತೆ ಕೂತು ಯೋಚಿಸುವ ಒಬ್ಬ ಮನುಷ್ಯನೂ ಇರುವುದಿಲ್ಲ. ಒಂದು ಬೀರು, ಒಂದು ಮಂಚ, ಒಂದು ಟಿವಿ ಬಂದು ಮೂರು ಗೋಡೆ ಹಿಡಿದುಬಿಟ್ಟರೆ ಮನುಷ್ಯರು ನಡುವೆ ಉಳಿದಷ್ಟರಲ್ಲಿ ಬದುಕುತ್ತಾರೆ.

ಈ 269 ಚದರಡಿಯ ಒಳಗನ್ನು ಯೋಚಿಸುವವರನ್ನು ಏನೆಂದು ಕರೆಯಬೇಕು? ಇಂಟೀರಿಯರ್ ಡಿಸೈನರ್ ಎಂದೇ ಕರೆಯಬೇಕು. ಆ ಹೆಸರನ್ನು ನೀಲಿ ದೀಪದವರಿಗೆ ಬಿಟ್ಟುಕೊಡಲು ನಾನು ತಯಾರಿಲ್ಲ.

ಮಾಡ್ಯುಲರ್ ಕಿಚನ್ನನ್ನೇ ನೋಡಿ. ಹರಪನಹಳ್ಳಿಯಲ್ಲಿ, ಹಡಗಲಿಯಲ್ಲಿ ಹೊಸದಾಗಿ ಮನೆ ಕಟ್ಟಿಸುವವರ ಬಾಯಲ್ಲಿ ಈಗ ಈ ಮಾತಿಲ್ಲದೆ ಮಾತಿಲ್ಲ. ಅದು ಅಂತಸ್ತಿನ ಗುರುತು. ಆದರೆ ಅದರ ಮೂಲ ಎಲ್ಲಿದೆ ಗೊತ್ತೆ? 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರಸಭೆ ಕಾರ್ಮಿಕರಿಗೂ ಸಣ್ಣ ಸಂಬಳದವರಿಗೂ ಕಟ್ಟಿಸಿಕೊಟ್ಟ ಬಾಡಿಗೆ ಮನೆಗಳಲ್ಲಿ. ಮಾರ್ಗರೆಟೆ ಶ್ಯುಟೆ ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಕೈಯಲ್ಲಿ ನಿಲ್ಲಿಸುಗಡಿಯಾರ ಹಿಡಿದು, ಅಡುಗೆ ಮಾಡುವವಳು ಎಷ್ಟು ಹೆಜ್ಜೆ ನಡೆಯುತ್ತಾಳೆ, ಎಷ್ಟು ಸಲ ಕೈ ಎತ್ತುತ್ತಾಳೆ ಎಂದು ಲೆಕ್ಕ ಹಾಕಿದಳು. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆಮನೆ ಅವಳಿಗೆ ಮಾದರಿಯಾಯಿತು. ಸುಮಾರು 1.9 ಮೀಟರು ಅಗಲ, 3.4 ಮೀಟರು ಉದ್ದದ ಅಡುಗೆಮನೆ. ಅಂಥವು ಸುಮಾರು 10,000 ಆದವು. ಹೆಣ್ಣಿನ ಸಮಯ ಉಳಿಸಬೇಕು ಅನ್ನುವುದು ಅದರ ಉದ್ದೇಶವಾಗಿತ್ತು. ಅದರಲ್ಲೂ ತೊಂದರೆಯಿತ್ತು. ಇಬ್ಬರು ನಿಲ್ಲಲು ಜಾಗವಿಲ್ಲ, ಅಡುಗೆ ಮಾಡುವವಳು ಮನೆಮಂದಿಯಿಂದ ಬೇರೆಯಾಗಿ ಒಬ್ಬಳೇ ಆಗುತ್ತಾಳೆ ಎಂದು ನಂತರದ ಸ್ತ್ರೀವಾದಿಗಳು ಟೀಕಿಸಿದರು. ತಾನು ಅದನ್ನು ರೂಪಿಸುವವರೆಗೆ ಅಡುಗೆಯನ್ನೇ ಮಾಡಿರಲಿಲ್ಲ ಎಂದು ಲಿಹೋಟ್ಸ್ಕಿಯೇ ಹೇಳಿಕೊಂಡಿದ್ದಳು. ಆದರೂ ಆ ಜಗಳ ನಡೆದದ್ದು ಹೆಜ್ಜೆ, ಉಸಿರು, ಒಂಟಿತನದ ಬಗ್ಗೆ. ನಮ್ಮ ಪೇಟೆಗೆ ಬರುವಷ್ಟರಲ್ಲಿ ಅದೆಲ್ಲ ಉದುರಿ ಕೆಂಪು ಲ್ಯಾಮಿನೇಟು ಮಾತ್ರ ಉಳಿದಿದೆ. ಕಟ್ಟೆಯ ಎತ್ತರ ಎಷ್ಟಿರಬೇಕು ಎಂದು ಅಡುಗೆ ಮಾಡುವವಳನ್ನು ಕೇಳುವುದಿಲ್ಲ. ಕ್ಯಾಟಲಾಗಿನ ಎತ್ತರಕ್ಕೆ ಅವಳು ಭುಜ ಎತ್ತಿ ರೊಟ್ಟಿ ಬಡಿಯುತ್ತಾಳೆ. ಜೋಳದ ರೊಟ್ಟಿ ಬಡಿಯಲು ಬೇಕಾದ ಎತ್ತರವೇ ಬೇರೆ, ಚಪಾತಿ ಲಟ್ಟಿಸಲು ಬೇಕಾದದ್ದೇ ಬೇರೆ. ರೊಟ್ಟಿಗೆ ಮೈಭಾರ ಬೀಳಬೇಕು. ಇದನ್ನು ಯಾವ ಕ್ಯಾಟಲಾಗೂ ಹೇಳುವುದಿಲ್ಲ, ನಮ್ಮ ಐದು ತಾಲ್ಲೂಕಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ.

ನಮ್ಮಲ್ಲೂ ಇಂಥ ಪ್ರಯತ್ನ ಆಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ವಿಜ್ಞಾನಿಗಳು ಹಳ್ಳಿಯಲ್ಲೇ ಕೂತು ಹುಡುಕಬೇಕು ಎಂಬುದು ಅವರ ಹಟ. ಅಲ್ಲಿಂದಲೇ ಬಂದದ್ದು ಅಸ್ತ್ರ ಒಲೆ: ಮೂರು ಪಾತ್ರೆ ಕೂರುವ, ಕೊಳವೆಯಿಂದ ಹೊಗೆ ಹೊರಗೆ ಹೋಗುವ ಮಣ್ಣಿನ ಒಲೆ. ಕರ್ನಾಟಕದ ಒಳಾಂಗಣ ವಿನ್ಯಾಸದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಮೊದಲ ಅಧ್ಯಾಯ ಆ ಒಲೆಯ ಮೇಲೆ ಬರೆಯಬೇಕು. ಅಡುಗೆಮನೆಯ ಗೋಡೆ ಕಪ್ಪಾಗದಂತೆ, ಹೆಂಗಸರ ಎದೆಯೊಳಗೆ ಹೊಗೆ ಕೂರದಂತೆ ಮಾಡಲು ಹೊರಟ ವಿನ್ಯಾಸ ಅದು. ಯಾವ ಡಿಸೈನ್ ಶಾಲೆಯ ಪ್ರತಿನಿಧಿಯ ಸ್ಲೈಡಿನಲ್ಲೂ ನಾನು ಒಲೆ ಕಂಡಿಲ್ಲ.

ಇಷ್ಟು ಓದಿದ ಮೇಲೆ ಕೆಲವು ಗೆಳೆಯರಿಗೆ ಖುಷಿಯಾಗಿರುತ್ತದೆ. ಹಾಗಾದರೆ ಪೇಟೆಯ ಚಮಕು ಬೇಡ, ನಮ್ಮ ಮಾಳಿಗೆ ಮನೆಗೇ ಹೋಗೋಣ ಅನ್ನುವ ಗೆಳೆಯರು. ನನಗೆ ಅವರ ಜೊತೆಯೂ ಜಗಳವಿದೆ.

ಮಾಳಿಗೆ ಮನೆ ಬಲ್ಲೆ. ನನ್ನ ಸಂಶೋಧನೆಯೇ ಈ ಭಾಗದಲ್ಲಿ ಮನೆ ಕಟ್ಟುವವರ ಮಾತಿನ ಮೇಲೆ. ಕಂಬ, ಅದರ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತೆ, ಜಂತೆಯ ಮೇಲೆ ಕಟ್ಟಿಗೆ ಸೊಪ್ಪು ಹರಡಿ, ಮೇಲೆ ದಪ್ಪನಾಗಿ ಮಣ್ಣು, ಕೊನೆಗೆ ನೀರು ಇಳಿಯದಂತೆ ಸವಳು ಮಣ್ಣು. ನಲವತ್ತು ಡಿಗ್ರಿ ಸುಡುವ ಏಪ್ರಿಲಿನಲ್ಲಿ ಅದರೊಳಗೆ ಕಾಲಿಟ್ಟರೆ ಆಗುವ ತಂಪನ್ನು ಯಾವ ಆರ್‌ಸಿಸಿ ತಾರಸಿಯೂ ಕೊಡುವುದಿಲ್ಲ; ಆರ್‌ಸಿಸಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಮಲಗಿದವರ ಮೈಮೇಲೆ ಬಿಡುತ್ತದೆ. ಗೋಡೆಯಲ್ಲೇ ಕೊರೆದ ಗೂಡು, ಜಂತೆಗೆ ಇಳಿಬಿಟ್ಟ ನೆಲವು, ನೆಲದೊಳಗಿನ ಹಗೇವು, ಮಾಳಿಗೆಯ ಬೆಳಕಿಂಡಿ: ಜಾಗವನ್ನು ನೆಲದ ಮೇಲೆ ಹುಡುಕದೆ ಗೋಡೆಯಲ್ಲಿ, ಮಾಡಿನಲ್ಲಿ, ನೆಲದಡಿಯಲ್ಲಿ ಹುಡುಕುವ ಜಾಣತನ ಅದು. ಇದನ್ನೆಲ್ಲ ಬರೆದುಕೊಳ್ಳುವಾಗ ನನಗೂ ಕಣ್ಣು ತುಂಬಿದ್ದಿದೆ.

ಆದರೆ ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಸವಳು ಹೊತ್ತವರು ಯಾರು? ನೆಲ ಸಾರಿಸಿದವರು ಯಾರು? ಬೆಳಕಿಂಡಿಯ ಅಂಗೈಯಗಲ ಬೆಳಕು ಬೀಳುತ್ತಿದ್ದದ್ದು ನಡುಮನೆಗೆ. ಒಲೆಯ ಮುಂದೆ ಕೂತವಳಿಗೆ ಎಷ್ಟು ಬೀಳುತ್ತಿತ್ತು? ಎಲ್ಲಕ್ಕಿಂತ ಮೊದಲು, ಆ ಪಡಸಾಲೆ ದಾಟಿ ಒಳಗೆ ಬರುವ ಹಕ್ಕು ಯಾರಿಗಿತ್ತು? ಕಟ್ಟೆಯವರೆಗೆ ಒಬ್ಬರು, ಪಡಸಾಲೆಯವರೆಗೆ ಒಬ್ಬರು, ನಡುಮನೆಯವರೆಗೆ ಒಬ್ಬರು, ಅಂಗಳದಲ್ಲೇ ನಿಂತು ಮಾತಾಡಿ ಹೋಗಬೇಕಾದವರು ಇನ್ನೊಬ್ಬರು. ನಮ್ಮ ಹಳೆಯ ಮನೆಗಳ ನಕ್ಷೆ ಜಾತಿಯ ನಕ್ಷೆ. ತೋಳಗಲದ ಹೊಸ್ತಿಲುಗಳನ್ನು ಹೊಗಳುವವರು ಆ ಹೊಸ್ತಿಲು ಯಾರನ್ನು ತಡೆದು ನಿಲ್ಲಿಸಲು ಇತ್ತೆಂದು ಒಂದು ಸಾಲು ಬರೆಯಲಿ.

ನಮ್ಮ ಕಡೆ ಒಂದು ಮಾತಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ಅಷ್ಟು ಚೆಂದ ಎಂದು ಅರ್ಥ. ಅದರ ಮಾಡು ನೋಡಿ ಕತ್ತು ನೋಯಿಸಿಕೊಂಡವರಲ್ಲಿ ನಾನೂ ಒಬ್ಬಳು. ಹರಪನಹಳ್ಳಿ ತಾಲ್ಲೂಕಿನ ಬಾಗಳಿ, ಹಡಗಲಿ ತಾಲ್ಲೂಕಿನ ಕುರುವತ್ತಿ, ಮಾಗಳ, ಹಿರೇಹಡಗಲಿ, ಎಲ್ಲ ಕಡೆ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳಿವೆ. ಕಂಬಗಳನ್ನು ಚರಕಿಗೆ ಕೊಟ್ಟು ಕಡೆದ ಹಾಗೆ ನುಣುಪು ಮಾಡಿದ್ದಾರೆ. ಒಳಾಂಗಣದ ಬಗ್ಗೆ ಇಷ್ಟು ಯೋಚಿಸಿದ ನಾಡು ಇನ್ನೊಂದಿಲ್ಲ ಎಂದು ಭಾಷಣಗಳಲ್ಲಿ ಹೇಳುತ್ತೇವೆ. ಸರಿ. ಆದರೆ 'ಒಳಗೆ ನೋಡು' ಎಂಬ ಆಜ್ಞೆ ಯಾರಿಗೆ? ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸಿನ ದೇವಾಲಯ ಪ್ರವೇಶ ಕಾಯ್ದೆ ಬಂದದ್ದು 1947ರಲ್ಲಿ. ಅಂದರೆ ಈ ಸೀಮೆಯ ದಲಿತರಿಗೆ ಗುಡಿಯ ಒಳಗೆ ನೋಡುವ ಹಕ್ಕು ಕಾಗದದ ಮೇಲೆ ಬಂದು ಇನ್ನೂ ನೂರು ವರ್ಷವಾಗಿಲ್ಲ. ಕಾಗದದಿಂದ ಕಾಲಿಗೆ ಬರಲು ಎಷ್ಟು ಕಾಲ ಹಿಡಿಯಿತು, ಎಲ್ಲೆಲ್ಲಿ ಇನ್ನೂ ಹಿಡಿಯುತ್ತಿದೆ ಅನ್ನುವುದು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಮಣ್ಣಿನ ಮನೆಯ ಮೋಹಿಗಳಿಗೆ ಈಜಿಪ್ಟಿನ ಹಸನ್ ಫಾತಿಯ ಕಥೆಯನ್ನೂ ನೆನಪಿಸಬೇಕು. ಬಡವರಿಗೆ ಹಸಿ ಇಟ್ಟಿಗೆಯ ಮನೆ ಎಂದು 1940ರ ದಶಕದಲ್ಲಿ ಲಕ್ಸರ್ ಹತ್ತಿರ ಹೊಸ ಗೂರ್ನಾ ಎಂಬ ಊರನ್ನೇ ಕಟ್ಟಿದವನು. ಅದ್ಭುತವಾದ ಗುಮ್ಮಟಗಳು. ಜಗತ್ತಿನ ವಾಸ್ತು ವಿದ್ಯಾರ್ಥಿಗಳೆಲ್ಲ ಇವತ್ತಿಗೂ ಓದುತ್ತಾರೆ. ಆದರೆ ಯಾರಿಗೆಂದು ಕಟ್ಟಿದನೋ ಅವರಲ್ಲಿ ಬಹಳ ಮಂದಿ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಹಳೆಯ ಊರನ್ನೂ ಅದರ ಅಡಿಯ ಗೋರಿಗಳಿಂದ ಬರುತ್ತಿದ್ದ ಗಳಿಕೆಯನ್ನೂ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಗುಮ್ಮಟವೆಂದರೆ ಅವರ ಕಣ್ಣಿಗೆ ಸಮಾಧಿ. ಕೂಡ್ಲಿಗಿಯ ಒಬ್ಬ ತಾಯಿ ಟೈಲ್ಸ್ ಬೇಕು ಅಂದಾಗ ನಗುವ ನಮ್ಮ ಪರಿಸರಪ್ರೇಮಿಗಳು ಇದನ್ನು ಯೋಚಿಸಲಿ. ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬರುವ ಆ ಟೈಲ್ಸ್ ಅವಳಿಗೆ ವಾರಕ್ಕೆರಡು ಸಲ ಸಗಣಿ ಕಲೆಸುವುದರಿಂದ ಬಿಡುಗಡೆ. ಅದು ಜಾರುತ್ತದೆ, ಮುದುಕರು ಬೀಳುತ್ತಾರೆ, ನಿಜ. ಹಾಗಾದರೆ ಜಾರದ ಟೈಲ್ಸ್ ಯಾವುದು, ಬಚ್ಚಲ ಮುಂದೆ ಏನು ಹಾಕಬೇಕು ಎಂದು ಹೇಳಿಕೊಡುವವರು ಬೇಕು. ಅವಳ ಆಸೆಯನ್ನು ಅಣಕಿಸುವವರು ಬೇಡ.

ಇನ್ನು ತಯಾರಿಯ ಮಾತು. ಸುತ್ತಿಬಳಸದೆ ಹೇಳುತ್ತೇನೆ, ಯಾಕೆಂದರೆ ಪ್ರತಿನಿಧಿಗಳು ಇದನ್ನು ಹೇಳುವುದಿಲ್ಲ.

ಭಾರತದಲ್ಲಿ 'ಆರ್ಕಿಟೆಕ್ಟ್' ಎಂದು ಹೆಸರಿನ ಮುಂದೆ ಹಾಕಿಕೊಳ್ಳಲು 1972ರ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಇಂಟೀರಿಯರ್ ಡಿಸೈನರ್ ಎಂದು ಹಾಕಿಕೊಳ್ಳಲು ಅಂಥ ಯಾವ ಕಾಯ್ದೆಯೂ ಇಲ್ಲ. ಅದೇ 1972ರಲ್ಲಿ ಹುಟ್ಟಿದ ಒಳಾಂಗಣ ವಿನ್ಯಾಸಕಾರರ ರಾಷ್ಟ್ರೀಯ ಸಂಘ ಇದೆ, ಆದರೆ ಅದು ಸಂಘ, ಪರವಾನಗಿ ಕೊಡುವ ಮಂಡಳಿಯಲ್ಲ. ಇದರ ಅರ್ಥ ಎರಡು. ಯಾರು ಬೇಕಾದರೂ ಆರು ತಿಂಗಳ ಸರ್ಟಿಫಿಕೇಟನ್ನು ಲಕ್ಷಗಟ್ಟಲೆಗೆ ಮಾರಬಹುದು. ಹಾಗೆಯೇ, ಆ ಸರ್ಟಿಫಿಕೇಟಿಲ್ಲದೆಯೂ ನೀನು ಕೆಲಸ ಶುರು ಮಾಡಬಹುದು. ಹೊಲ ಅಡವಿಟ್ಟು ಶುಲ್ಕ ಕಟ್ಟಲು ಹೊರಟ ಅಪ್ಪನಿಗೆ ಈ ಎರಡು ಸಾಲು ಗೊತ್ತಿರಬೇಕು.

ಒಳ್ಳೆಯ ಶಾಲೆಗಳಿಲ್ಲವೆಂದಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಿಂದ ಇದೆ. ಅಲ್ಲಿ ಪೀಠೋಪಕರಣ ಮತ್ತು ಒಳಾಂಗಣ ವಿನ್ಯಾಸದ ಪದವಿಯಿದೆ. ಅದೇ ಊರಿನ ಸೆಪ್ಟ್‌ನಲ್ಲಿ ಒಳಾಂಗಣ ವಿನ್ಯಾಸಕ್ಕೆ ಬೇರೆ ಶಾಲೆಯೇ 1991ರಲ್ಲಿ ಶುರುವಾಯಿತು. ಐಐಟಿಗಳ ವಿನ್ಯಾಸ ಪದವಿಗೆ 2015ರಿಂದ ಯುಸೀಡ್ ಪರೀಕ್ಷೆ ಇದೆ. ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಬರೆಯಬಹುದು, ಆದರೆ ಇಂಗ್ಲಿಷಿನಲ್ಲೇ ಬರೆಯಬೇಕು. ಇನ್ನು ಐಟಿಐಗಳ ಪಟ್ಟಿಯಲ್ಲಿ ಒಂದು ವರ್ಷದ ಒಳಾಂಗಣ ವಿನ್ಯಾಸದ ಟ್ರೇಡ್ ಇದೆ, ಎರಡು ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ ಇದೆ. ಇದನ್ನು ಯಾವ ಮಾರ್ಗದರ್ಶನದ ದಿನವೂ ಯಾರೂ ಬಾಯಿಬಿಟ್ಟು ಹೇಳಿದ್ದು ಕೇಳಿಲ್ಲ, ಯಾಕೆಂದರೆ ಅದರಲ್ಲಿ ಯಾರಿಗೂ ಕಮಿಷನ್ನಿಲ್ಲ.

ನಮ್ಮ ತಾಲ್ಲೂಕುಗಳ ಜನ ಹಕ್ಕಿಗಾಗಿ ಹೋರಾಡಲಾರದವರಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. 371(ಜೆ) ಸೌಲಭ್ಯ ಕೈತಪ್ಪುತ್ತದೆಂದು ವರ್ಷಗಟ್ಟಲೆ ಬೀದಿಗಿಳಿದು ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಆದರೆ 371(ಜೆ) ಮೀಸಲಾತಿ ಅಹಮದಾಬಾದಿನ ಬಾಗಿಲಲ್ಲಿ ನಡೆಯುವುದಿಲ್ಲ. ನಡೆಯುವ ಜಾಗದಲ್ಲಿ, ಅಂದರೆ ನಮ್ಮದೇ ಸೀಮೆಯ ಪಾಲಿಟೆಕ್ನಿಕ್ಕು, ಐಟಿಐ, ವಿಶ್ವವಿದ್ಯಾಲಯಗಳಲ್ಲಿ, ಈ ವಿದ್ಯೆಯನ್ನು ಗಟ್ಟಿಯಾಗಿ, ಕನ್ನಡದಲ್ಲಿ ಕಲಿಸಿ ಎಂದು ಯಾರೂ ಕೇಳುತ್ತಿಲ್ಲ. ಮೀಸಲಾತಿಗೆ ಬೀದಿಗಿಳಿದವರು ಪಠ್ಯಕ್ಕೂ ಇಳಿಯಬೇಕಿತ್ತು.

ಕಲಿಸುವವರಿಲ್ಲ ಅನ್ನುತ್ತಾರೆ. ನಾನು ಕ್ಷೇತ್ರಕಾರ್ಯಕ್ಕೆ ಹೋದ ಒಂದು ಊರಿನಲ್ಲಿ ಎಂಬತ್ತು ದಾಟಿದ ಬಡಿಗೇರ ಅಜ್ಜ ಸಿಕ್ಕಿದ್ದರು. ಬಾಗಿಲ ಚೌಕಟ್ಟಿನ ಪ್ರತಿಯೊಂದು ಭಾಗಕ್ಕೂ ಹೆಸರು ಕೇಳುತ್ತ ಅವರನ್ನು ಎರಡು ದಿನ ಸತಾಯಿಸಿದೆ. ಕೊನೆಗೆ ಬೇಸತ್ತು, "ಯವ್ವಾ, ಬಾಗಿಲು ಮಾಡೋದು ಏನು ದೊಡ್ಡದು, ಅದು ಯಾ ಕಡೆ ತೆರಕೋಬೇಕು ಅನ್ನೋದು ದೊಡ್ಡದು" ಅಂದರು. ಬಾಗಿಲು ತೆರೆದರೆ ಬೀದಿಯವರ ಕಣ್ಣು ಮೊದಲು ಎಲ್ಲಿ ಬೀಳುತ್ತದೆ, ಗಾಳಿ ಒಲೆಗೆ ಹೊಡೆಯುತ್ತದೋ ಇಲ್ಲವೋ, ಬಾಣಂತಿ ಯಾವ ಮೂಲೆಯಲ್ಲಿದ್ದಾಳೆ, ಎಲ್ಲ ನೋಡಿ ತಿರುಗಣಿ ಕೂರಿಸಬೇಕಂತೆ. ಎಷ್ಟೋ ಡಿಸೈನ್ ಪುಸ್ತಕಗಳು ಒಂದು ಅಧ್ಯಾಯದಲ್ಲಿ ಹೇಳುವುದನ್ನು ಅವರು ಬೀಡಿ ಹಚ್ಚುವಷ್ಟರಲ್ಲಿ ಹೇಳಿದರು. ಅವರ ಮಗ ಬೆಂಗಳೂರಿನಲ್ಲಿ ಪ್ಲೈವುಡ್ ಕೆಲಸ ಮಾಡುತ್ತಾನೆ. ಅವನು ಮಾಡಿದ ವಾರ್ಡ್‌ರೋಬಿನ ಮುಂದೆ ನಿಂತು ಡಿಸೈನರ್ ಫೋಟೊ ತೆಗೆಸಿಕೊಳ್ಳುತ್ತಾನೆ. ಕೂಡ್ಲಿಗಿ, ಹರಪನಹಳ್ಳಿಯಿಂದ ಗುಳೆ ಹೋದವರು ಪುಟ್ಟಿ ಎಳೆದು, ಜಿಪ್ಸಂ ಹಲಗೆ ಏರಿಸಿ, ಬಣ್ಣ ಹೊಡೆದ ಮನೆಗಳೇ ಮತ್ತೆ ಸ್ಲೈಡಾಗಿ ಕೊಟ್ಟೂರಿಗೆ ಬಂದು, ಅವರ ಮಕ್ಕಳಿಗೇ ತೋರಿಸಲ್ಪಡುತ್ತವೆ.

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಕಸೂತಿಯ 1755 ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಚಪ್ಪಾಳೆ ಬಿತ್ತು. ಆ ಕಸೂತಿಯ ದಿಂಬು ಬೆಂಗಳೂರಿನ ಸೋಫಾದ ಮೇಲೆ ಕೂತರೆ ಅದನ್ನು ಆರಿಸಿದವರು ಡಿಸೈನರ್, ಹೊಲಿದವಳು ಕುಶಲಕರ್ಮಿ. ಈ ಎರಡು ಪದಗಳ ನಡುವೆ ಇರುವ ಸಂಬಳದ ಅಂತರವನ್ನು ಯಾವ ದಾಖಲೆ ಪುಸ್ತಕವೂ ಅಳೆಯುವುದಿಲ್ಲ.

ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ಅಡ್ಡಮಾತು ಹಾಕಿಕೊಳ್ಳಬೇಕು. ಆ ಬಡಿಗೇರ ಅಜ್ಜನ ಕಮ್ಮಟದಲ್ಲಿ ನಾನು ಉಳಿ ಎತ್ತಿಕೊಂಡಾಗ ಅವರು ಮೆಲ್ಲಗೆ ಕೈಯಿಂದ ಇಸಿದುಕೊಂಡರು. ಹೆಣ್ಣುಮಕ್ಕಳು ಆಯುಧ ಮುಟ್ಟುವ ಹಾಗಿಲ್ಲ. ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ವಿದ್ಯೆ, ಹೆಣ್ಣಿಗೂ ಬೇರೆ ಜಾತಿಗೂ ಮುಚ್ಚಿದ ಬಾಗಿಲು. ಆ ಮಟ್ಟಿಗೆ, ದುಡ್ಡು ಕೊಟ್ಟರೆ ಯಾರಿಗಾದರೂ ಕಲಿಸುತ್ತೇನೆ ಅನ್ನುವ ಬೆಂಗಳೂರಿನ ಪ್ರತಿನಿಧಿ ನನ್ನ ಅಜ್ಜನಿಗಿಂತ ಒಂದು ಹೆಜ್ಜೆ ಮುಂದಿದ್ದಾರೆ. ಇದನ್ನು ಒಪ್ಪದೆ ಬಡಿಗತನವನ್ನು ಹಾಡಿ ಹೊಗಳಿದರೆ ಅದು ಸುಳ್ಳಾಗುತ್ತದೆ. ನನಗೆ ಬೇಕಾದದ್ದು ಅಜ್ಜನ ತಿಳಿವಳಿಕೆ ಸರ್ಕಾರಿ ಶಾಲೆಯ ತೆರೆದ ಬಾಗಿಲಿಗೆ ಬರುವುದು. ಅಜ್ಜನಿಗೆ ಸಂಬಳ ಕೊಟ್ಟು ಐಟಿಐಗೆ ಕರೆಸಿ. ಹುಡುಗಿಯರ ಕೈಗೆ ಉಳಿ ಕೊಡಿ. ಸಾಫ್ಟ್‌ವೇರು ಎರಡನೆಯ ವರ್ಷ ಕಲಿಯಬಹುದು, ಎಲ್ಲೂ ಓಡಿಹೋಗುವುದಿಲ್ಲ.

ಇದರಲ್ಲಿ ದುಡ್ಡೆಲ್ಲಿದೆ ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ಒಂದು ಕೋಣೆಯ ಮನೆಯವರು ಡಿಸೈನರಿಗೆ ಶುಲ್ಕ ಕೊಡಲಾರರು, ಅದು ಸತ್ಯ. ಆದರೆ ನಮ್ಮ ಕಡೆ ಅತಿ ಹೆಚ್ಚು ಒಳಾಂಗಣಗಳ ಯಜಮಾನ ಸರ್ಕಾರ. ಅಂಗನವಾಡಿ, ಶಾಲೆ, ಆರೋಗ್ಯ ಕೇಂದ್ರ, ಪಂಚಾಯಿತಿಯ ಗ್ರಂಥಾಲಯ, ಬಸ್ ನಿಲ್ದಾಣ, ಹಾಸ್ಟೆಲ್ಲು. ಇವುಗಳ ಒಳಗಿನ ಸಾಮಾನಿಗೆ ಪ್ರತಿವರ್ಷ ಟೆಂಡರ್ ಆಗುತ್ತದೆ. ಖರೀದಿಯ ಪಟ್ಟಿ ಬರೆಯುವವರು ಗುಮಾಸ್ತರು: ಕಬ್ಬಿಣದ ಬೀರು ಇಷ್ಟು, ಪ್ಲಾಸ್ಟಿಕ್ ಕುರ್ಚಿ ಇಷ್ಟು. ಮೂರು ವರ್ಷದ ಮಗುವಿನ ಕಣ್ಣಿನೆತ್ತರಕ್ಕೆ ಅಂಗನವಾಡಿಯ ಚಿತ್ರ ಇರಬೇಕು ಎಂದು ಆ ಪಟ್ಟಿಯಲ್ಲಿ ಯಾರು ಬರೆಯುತ್ತಾರೆ? ನಾನು ಪದವಿ ಓದುವಾಗ ಇದ್ದ ಒಂದು ಹಾಸ್ಟೆಲ್ಲಿನಲ್ಲಿ ಹನ್ನೆರಡು ಹುಡುಗಿಯರಿಗೆ ಒಂದು ಕೋಣೆ, ಒಂದು ಟ್ಯೂಬ್‌ಲೈಟು. ಒಬ್ಬಳು ಓದಬೇಕಾದರೆ ಹನ್ನೊಂದು ಜನ ಎಚ್ಚರವಿರಬೇಕು, ಹನ್ನೊಂದು ಜನ ಮಲಗಬೇಕಾದರೆ ಒಬ್ಬಳು ಓದು ಬಿಡಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಬಚ್ಚಲಮನೆಯ ದೀಪದ ಕೆಳಗೆ ಟ್ರಂಕು ಹಾಕಿಕೊಂಡು ಕೂತು ಓದಿದ್ದೇನೆ. ಮಂಚಕ್ಕೊಂದು ಸಣ್ಣ ದೀಪ, ಒಂದು ಗೂಡು, ಒಂದು ಪರದೆಯ ತಂತಿ, ಇಷ್ಟೇ ಸಾಕಿತ್ತು. ಅದನ್ನು ಯೋಚಿಸುವ ಹುದ್ದೆಯೇ ಸರ್ಕಾರದಲ್ಲಿಲ್ಲ. ತಾಲ್ಲೂಕಿಗೊಬ್ಬ ಒಳಾಂಗಣ ವಿನ್ಯಾಸಕರು ಬೇಕು ಎಂದು ನಾವು ಕೇಳಬೇಕು. ತಾಲ್ಲೂಕಿಗೊಬ್ಬ ಪಶುವೈದ್ಯ ಬೇಕೆಂದು ಮೊದಲ ಸಲ ಕೇಳಿದವರನ್ನೂ ನಕ್ಕಿರುತ್ತಾರೆ.

ನಗುವುದರಲ್ಲಿ ನಾವು ಸಾಹಿತ್ಯದ ಮಂದಿಯೂ ಹಿಂದಿಲ್ಲ. ಈ ಲೇಖನದ ವಿಷಯ ಹೇಳಿದಾಗ ಒಬ್ಬ ಸಂಶೋಧಕ ಮಿತ್ರರು, "ಏನ್ ಮೇಡಂ, ಕರ್ಟನ್ ಬಣ್ಣದ ಬಗ್ಗೆ ಬರೆಯೋಕೆ ಹೊರಟ್ರಾ?" ಅಂದರು. ಎಸಿ ಹಾಕಿದ ಸೆಮಿನಾರ್ ಹಾಲಿನಲ್ಲಿ, ಪಿಒಪಿ ಸೀಲಿಂಗಿನ ಕೆಳಗೆ, ಮೆತ್ತನೆಯ ಕುರ್ಚಿಯಲ್ಲಿ ಕೂತು 'ಬಯಲು' ಎಂಬ ಪರಿಕಲ್ಪನೆಯ ಬಗ್ಗೆ ಎರಡು ದಿನ ಮಾತಾಡುವವರು ನಾವು. ಅದೇ ಹಾಲಿನಲ್ಲಿ ಹಿಂದಿನ ಸಾಲಿನವರಿಗೆ ಮಾತು ಕೇಳಿಸುವುದಿಲ್ಲ, ವೇದಿಕೆಗೆ ಗಾಲಿಕುರ್ಚಿ ಹತ್ತುವುದಿಲ್ಲ, ಅದರ ಬಗ್ಗೆ ಒಂದು ಪ್ರಬಂಧವೂ ಮಂಡನೆಯಾಗುವುದಿಲ್ಲ. ಮನೆ ನಮಗೆ ರೂಪಕವಾದಷ್ಟು ಮನೆಯಾಗಿ ಕಂಡಿಲ್ಲ. ಬೋದಿಗೆ ಯಾವುದು, ಜಂತೆ ಯಾವುದು ಎಂದು ಗುರುತು ಹಿಡಿಯಲಾರದೆ ಕಥೆಗಳಲ್ಲಿ ತೊಟ್ಟಿಲು ತೂಗುತ್ತೇವೆ. ಒಳಾಂಗಣ ವಿನ್ಯಾಸ ಓದಲು ಹೊರಟ ಹುಡುಗಿಯನ್ನು ಕಂಡು ಮೂಗು ಮುರಿಯುವ ಅರ್ಹತೆ ನಮಗಿಲ್ಲ.

ಅವತ್ತು ಆ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟು. ತಂಗೀ, ನೀನು ಹೇಳಿದ ಮನೆಗೂ ಅದು ಬರುತ್ತದೆ, ಆ ಮನೆಗೇ ಮೊದಲು ಬರಬೇಕು. ಶುಲ್ಕದ ಹಾಳೆಯನ್ನು ಅಪ್ಪನಿಗೆ ಇವತ್ತೇ ತೋರಿಸಬೇಡ. ತೇರುಬಯಲಿನ ಹತ್ತಿರದ ಯಾವುದಾದರೂ ಕಬ್ಬಿಣದಂಗಡಿಗೆ ಹೋಗಿ ಒಂದು ಅಳತೆಯ ಟೇಪು ತಗೋ, ಒಂದು ಚೌಕಳಿ ಪುಸ್ತಕ ತಗೋ. ಒಂದು ಚೌಕಳಿ ಅಂದರೆ ಅರ್ಧ ಅಡಿ ಅಂತ ಇಟ್ಟುಕೊಂಡು ನಿಮ್ಮ ಕೋಣೆಯನ್ನು ಬರಿ. ಗೋಡೆ, ಕಿಟಕಿ, ಒಲೆ, ಮಂಚ, ಚೀಲ, ದೇವರ ಗೂಡು. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಯಾರು ಎಲ್ಲಿದ್ದಾರೆ ಎಂದು ಮೂರು ಸಲ ಗುರುತು ಹಾಕು. ಬಿಸಿಲು ಎಲ್ಲಿ ಬೀಳುತ್ತದೆ ಎಂದೂ ಹಾಕು. ನಿಮ್ಮವ್ವ ಒಂದು ದಿನದಲ್ಲಿ ಎಷ್ಟು ಸಲ ಬಗ್ಗುತ್ತಾಳೆ ಎಣಿಸು, ಅವಳಿಗೆ ಹೇಳಬೇಡ. ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದನ್ನು ಬಿಡದೆ ಬರಿ. ಆಮೇಲೆ ಬಾ, ಕೂತು ನೋಡೋಣ.